ಎಲ್ಲರ ಮನೆಯ ಮುಂದೆ ನಿಂತವನು

ಅಕ್ಷರ ದುಂಡಗಿಲ್ಲ, ಸಾಲು ಕೆಳಕ್ಕೆ ಜಾರುತ್ತದೆ. ಮೊದಲೇ ಕ್ಷಮೆ ಕೇಳುತ್ತೇನೆ. ಒಂಬತ್ತನೇ ತರಗತಿಯನ್ನು ಅರ್ಧಕ್ಕೆ ಬಿಟ್ಟವಳಿಗೆ ಸಿಕ್ಕಿದ ಮಾತುಗಳಲ್ಲಿ ಬರೆದದ್ದು ಇದು. ಹಳೆಯ ಫೋಟೋಗಳಲ್ಲಿ ಇರುವವರ ಬಗ್ಗೆ ಯಾರಿಗೆ ಏನು ಗೊತ್ತೋ ಬರೆದುಕೊಡಿ, ಒಟ್ಟು ಮಾಡಿ ಪುಸ್ತಕ ಮಾಡುತ್ತೇವೆ ಎಂದು ಲೈಬ್ರರಿಯ ತನುಜಾ ಮೇಡಂ ಹೇಳಿದ್ದರಿಂದ ಧೈರ್ಯ ಬಂತು. ಇದು ನಮ್ಮ ಅಜ್ಜ ಗುಂಡಯ್ಯನ ಬದುಕು, ನಮ್ಮ ಅಜ್ಜಿ ಭೂತಮ್ಮ ಕಂಡ ಹಾಗೆ. ಇಬ್ಬರನ್ನೂ ಹೆಸರು ಹಿಡಿದು ಏಕವಚನದಲ್ಲಿ ಬರೆದಿದ್ದೇನೆ. ಹಾಗೆ ಬರೆಯದಿದ್ದರೆ ಓದುವವರಿಗೆ ಯಾರು ಯಾರೆಂದು ಗೋಜಲಾಗುತ್ತದೆ ಎಂದು ಅವರನ್ನು ಕೇಳಿಯೇ ಬರೆದದ್ದು.

ತೊರೆಮಕ್ಕಿ ಎಂಬ ಊರು ಎರಡಿದೆ. ಹಳೆಯದು ಹೇಮಾವತಿಯ ಹಿನ್ನೀರಿನ ಅಡಿಯಲ್ಲಿದೆ. ಹೊಸದು ಬೆಳಗೋಡಿನಿಂದ ಆಚೆ, ಗುಡ್ಡದ ಇಳಿಜಾರಿನಲ್ಲಿ. ಅಣೆಕಟ್ಟು ಕಟ್ಟುವಾಗ ಮುಳುಗುವ ಮನೆಗಳಿಗೆಲ್ಲ ಒಂದೊಂದು ನಂಬರ್ ಕೊಟ್ಟಿದ್ದರು. ನಂಬರ್ ಇದ್ದ ಮನೆಯವರಿಗೆ ಇಲ್ಲಿ ಎರಡೆಕರೆ ಜಮೀನು, ಒಂದು ಹಕ್ಕುಪತ್ರ. ನಂಬರ್ ಇಲ್ಲದವರಿಗೆ ಏನೂ ಇಲ್ಲ. ಇಡೀ ಊರಿನಲ್ಲಿ ನಂಬರ್ ಇಲ್ಲದ ಮನೆ ಒಂದೇ, ಅಂಗಡಿ ಚನ್ನಬಸವಯ್ಯನವರದು. ಅವರ ತಂದೆಯ ಕಾಲದಿಂದಲೂ ರಸ್ತೆ ಬದಿಯ ಸರ್ಕಾರಿ ಜಾಗದಲ್ಲಿ ಗೋಡೆ ಎಬ್ಬಿಸಿಕೊಂಡು, ಯಾವತ್ತು ಯಾರು ಬಂದು ಏಳಿ ಎನ್ನುತ್ತಾರೋ ಎಂದು ಕಾಯುತ್ತಲೇ ಅಂಗಡಿ ನಡೆಸಿದ್ದಾರೆ. ತಮ್ಮ ನಂಬರನ್ನು ಯಾರೋ ನುಂಗಿದರು ಎಂದು ಆ ಮನೆಯವರು ಐವತ್ತು ವರ್ಷದಿಂದ ನಂಬಿದ್ದರು. ಗುಂಡಯ್ಯನ ನಂಬರ್ ಹನ್ನೆರಡು. ಅವನ ಎರಡೆಕರೆಯಲ್ಲಿ ಕಾಫಿ, ಮೆಣಸು, ನಡುವೆ ಮನೆ.

ಈ ವರ್ಷ ಕಾಫಿ ಹಣ್ಣು ಬಿಡಿಸುವುದು ಮುಗಿಯುತ್ತಾ ಬಂದಿದ್ದಾಗ ಹಾಸನದಿಂದ ಶ್ರೀನಾಥ್ ಎಂಬ ಹುಡುಗ ಒಂದು ಕಬ್ಬಿಣದ ಪೆಟ್ಟಿಗೆ ತಂದ. ಅವನ ತಾತನದು ಫೋಟೋ ಸ್ಟುಡಿಯೋ ಇತ್ತಂತೆ. ಸ್ಟುಡಿಯೋ ಮುಚ್ಚಿ ಜಾಗ ಖಾಲಿ ಮಾಡುವಾಗ ಅಟ್ಟದ ಮೇಲೆ ಸಿಕ್ಕಿದ್ದು, ಅಣೆಕಟ್ಟು ಕಟ್ಟುವ ಕಾಲದ ಫೋಟೋಗಳು. ಊರಿನವರು ನೋಡಲಿ ಎಂದು ಸಮುದಾಯ ಭವನದಲ್ಲಿ ಹಗ್ಗ ಕಟ್ಟಿ, ಬಟ್ಟೆ ಒಣಗಿಸುವ ಕ್ಲಿಪ್ ಹಾಕಿ ತೂಗು ಬಿಟ್ಟ.

ಭೂತಮ್ಮ ಹೋದದ್ದು ಪಂಕಜಾಕ್ಷಿಯ ಜೊತೆ. ಪಂಕಜಾಕ್ಷಿ ಎಂದರೆ ಚನ್ನಬಸವಯ್ಯನವರ ಹೆಂಡತಿ. ಇಬ್ಬರೂ ಹೊರಗಿನಿಂದ ಮದುವೆಯಾಗಿ ಹೊಸ ಊರಿಗೇ ಬಂದವರು. ಹಳೇ ತೊರೆಮಕ್ಕಿಯನ್ನು ಕಣ್ಣಿನಿಂದ ಕಂಡವರಲ್ಲ. ಗುಂಡಯ್ಯನನ್ನೂ ಕರೆದಿದ್ದಳು ಭೂತಮ್ಮ. ಅವನು, "ಕಣ್ಣಿಗೆ ಪೊರೆ ಬಂದೈತೆ, ನನಗೇನು ಕಾಣ್ತದೆ, ನೀನೇ ನೋಡ್ಕಂಡು ಬಾ" ಎಂದಿದ್ದ.

ಮೊದಲ ಹಗ್ಗದಲ್ಲಿ ಅಣೆಕಟ್ಟೇ ಇತ್ತು. ಅರ್ಧ ಎದ್ದ ಗೋಡೆ, ಬಿದಿರಿನ ಏಣಿಗಳ ಮೇಲೆ ತಲೆಯಲ್ಲಿ ಬಾಣಲಿ ಹೊತ್ತು ಸಾಲಾಗಿ ಹತ್ತುವ ಹೆಂಗಸರು. ಹೊಳೆಯನ್ನು ಪಕ್ಕಕ್ಕೆ ತಳ್ಳಿ ತೋಡಿದ ಕಾಲುವೆ. ಇನ್ನೂ ಕೂರಿಸದೆ ನೆಲದಲ್ಲಿ ಮಲಗಿಸಿದ್ದ ಕಬ್ಬಿಣದ ಗೇಟುಗಳು, ಅವುಗಳ ನೆರಳಿನಲ್ಲಿ ಬುತ್ತಿ ಬಿಚ್ಚಿ ಕೂತ ಕೂಲಿಯವರು. ಹೆಂಚು ಕಳಚಿ ತುಂಬಿಕೊಂಡ ಎತ್ತಿನ ಗಾಡಿಗಳು, ಒಂದರ ಮೇಲೆ ಕವುಚಿದ ತೊಟ್ಟಿಲು. ಕೊನೆಗೆ ನೀರು, ನೀರಿನಲ್ಲಿ ಎಲೆಯಿಲ್ಲದ ಮರಗಳು.

ಎರಡನೇ ಹಗ್ಗದಿಂದ ಆಚೆಗೆ ಬರೀ ಮನೆಗಳು. ಜನ ಅಲ್ಲಿ ಮುತ್ತಿಕೊಂಡಿದ್ದರು. ಚನ್ನಬಸವಯ್ಯ ಒಂದು ಫೋಟೋದ ಮುಂದೆ ಕೈ ಕಟ್ಟಿ ನಿಂತುಬಿಟ್ಟಿದ್ದರು.

"ಇದೇ ನಮ್ಮನೆ," ಎಂದರು. "ಈ ಜಗಲಿ ಮೇಲೆ ಅಪ್ಪ ಬೆಲ್ಲದ ಅಚ್ಚು ಪೇರ್ಸೋರು."

ಅವರ ಪಕ್ಕದಲ್ಲಿ ಯೋಗೇಶ್ ಇದ್ದ. ಊರಿನಲ್ಲಿ ಯಾರ ಅರ್ಜಿ ಇದ್ದರೂ ಮುಂದೆ ನಿಂತು ಬರೆಸುವವನು ಅವನೇ. ಮೂಗು ತಾಗುವಷ್ಟು ಹತ್ತಿರ ಬಗ್ಗಿದ. ಮನೆಯ ಮುಂದೆ ಒಬ್ಬ ಸಣಕಲು ಪ್ರಾಯದವನು ಎದೆಯ ಮೇಲೆ ಸ್ಲೇಟು ಹಿಡಿದು ನಿಂತಿದ್ದ. ಸ್ಲೇಟಿನ ಮೇಲೆ ಬಿಸಿಲು ಬಿದ್ದು ಬೆಳ್ಳಗೆ ಹೊಳೆಯುತ್ತಿತ್ತು, ಅಂಕಿ ಕಾಣುತ್ತಿರಲಿಲ್ಲ.

"ಅಲ್ಲ ಕಣ್ರೀ, ಸ್ಲೇಟು ಹಿಡ್ದು ಫೋಟೋ ತೆಗ್ದವ್ರೆ ಅಂದ್ಮೇಲೆ ನಿಮ್ಮನೆಗೂ ನಂಬರು ಇತ್ತು ಅಂತ್ಲೇ ತಾನೆ? ಎಲ್ಲೋಯ್ತು ಮತ್ತೆ? ಅದೇನು ಬೆಲ್ಲದ ಅಚ್ಚಾ, ಕರಗಿ ಹೋಗಕ್ಕೆ?"

ಯೋಗೇಶ್ ಪಕ್ಕದ ಫೋಟೋ ನೋಡಿದ. ಅದರ ಪಕ್ಕದ್ದನ್ನೂ ನೋಡಿದ.

"ಇದ್ಯಾರು ಇವ್ನು? ಎಲ್ರ ಮನೆ ಮುಂದೂ ಇವ್ನೇ ನಿಂತವ್ನಲ್ಲ."

ಹೌದು. ಹೆಂಚಿನ ಮನೆ, ಹುಲ್ಲಿನ ಮನೆ, ಮಾಳಿಗೆ ಮನೆ, ಯಾವುದರ ಮುಂದೆ ನೋಡಿದರೂ ಅದೇ ಸಣಕಲು ಆಸಾಮಿ, ಅದೇ ಪಟ್ಟೆ ಅಂಗಿ. ಅವನ ಕಿವಿಗಳು ತಲೆಯಿಂದ ಬಿಡಿಸಿಕೊಂಡು ಹೊರಗೆ ಚಾಚಿದ್ದವು. ಆ ಕಿವಿಗಳನ್ನು ನಲವತ್ತನಾಲ್ಕು ವರ್ಷದಿಂದ ದಿನವೂ ನೋಡಿದವಳು ಭೂತಮ್ಮ.

"ಈ ಕಿವಿ..." ಎಂದಳು ಪಂಕಜಾಕ್ಷಿ. "ಭೂತಕ್ಕ, ಇದು ಗುಂಡಯ್ಯಣ್ಣ ಅಲ್ವಾ?"

ಇಬ್ಬರೂ ಕೈ ಹಿಡಿದುಕೊಂಡು ಬಂದಿದ್ದರು. ಪಂಕಜಾಕ್ಷಿ ಕೈ ಬಿಟ್ಟಳು. ಎಳೆದುಕೊಂಡದ್ದಲ್ಲ, ಸೆರಗು ಸರಿಮಾಡಿಕೊಳ್ಳುವವಳಂತೆ ಬಿಟ್ಟಳು. ಆಮೇಲೆ ಮತ್ತೆ ಹಿಡಿಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಆ ಫೋಟೋಗಳು ಊರಿನ ಎಲ್ಲ ಮೊಬೈಲಿಗೂ ಹೋಗಿದ್ದವು. ಫೋಟೋ ತೆಗೆದದ್ದನ್ನು ಕಂಡ ದೊಡ್ಡವರಲ್ಲಿ ಈಗ ಯಾರೂ ಉಳಿದಿಲ್ಲ, ಆಗ ಮಕ್ಕಳಾಗಿದ್ದವರಿಗೆ ಅದು ನೆನಪಿಲ್ಲ. ಸಂಜೆಯೊಳಗೆ ಮಾತು ಗಟ್ಟಿಯಾಯಿತು. ಗುಂಡಯ್ಯ ಪ್ರಾಯದಲ್ಲಿ ಎಲ್ಲರ ಮನೆಯ ಮುಂದೆ ನಿಂತು, ಇದು ನನ್ನದು ಇದೂ ನನ್ನದು ಎಂದು ಫೋಟೋ ತೆಗೆಸಿಕೊಂಡಿದ್ದಾನೆ. ಎಷ್ಟು ಹಕ್ಕುಪತ್ರ ಮಾಡಿಸಿದನೋ, ಯಾರಿಗೆ ಮಾರಿದನೋ. ಚನ್ನಬಸವಯ್ಯನವರ ನಂಬರ್ ಹೋದದ್ದು ಹಾಗೆ.

ಮನೆಗೆ ಬಂದ ಭೂತಮ್ಮ ನೇರವಾಗಿ ಕೇಳಲಿಲ್ಲ. ಅವಳ ಸ್ವಭಾವವೇ ಹಾಗೆ, ಸುತ್ತು ಹಾಕಿಕೊಂಡು ಬರುವವಳು.

"ಡ್ಯಾಮ್ ಕೆಲ್ಸಕ್ಕೆ ಹೋಗಿದ್ದೆ ಅಂತಿದ್ರಲ್ಲ, ಏನು ಕೆಲ್ಸ ಮಾಡ್ತಿದ್ರಿ ಅಲ್ಲಿ? ಕಲ್ಲು ಹೊರ್ತಿದ್ರಾ?"

"ಏನೋ ಒಂದು."

"ಏನೋ ಒಂದು ಅಂದ್ರೆ?"

"ಯಾವ್ದೋ ಕಾಲದ್ದು ಬುಡು ಅತ್ಲಾಗೆ. ಕಣದಾಗೆ ಕಾಫಿ ತಿರುವ್ಬೇಕು," ಎಂದು ಎದ್ದುಹೋದ. ಕೂತಲ್ಲೇ ಅರ್ಧ ಲೋಟ ಕಾಫಿ ಉಳಿದಿತ್ತು. ಗುಂಡಯ್ಯ ಕಾಫಿ ಉಳಿಸಿ ಎದ್ದದ್ದನ್ನು ಭೂತಮ್ಮ ನೋಡಿದ್ದು ಅದೇ ಮೊದಲು.

ಅಲ್ಲಿಂದ ಅವಳಿಗೆ ಎಲ್ಲವೂ ಅನುಮಾನವಾಯಿತು. ಹಳೆಯವೆಲ್ಲ ಒಂದೊಂದಾಗಿ ಎದ್ದು ಬಂದು ಮುಂದೆ ನಿಂತವು.

ಗುಂಡಯ್ಯ ಈ ನಲವತ್ತನಾಲ್ಕು ವರ್ಷದಲ್ಲಿ ಒಂದು ದಿನವೂ ಚನ್ನಬಸವಯ್ಯನವರ ಅಂಗಡಿಯ ಬೆಂಚಿನ ಮೇಲೆ ಕೂತವನಲ್ಲ. ಬೀಡಿ ಬೇಕಾದರೆ ಬೆಳಗೋಡಿಗೆ ಬಸ್ಸು ಹತ್ತುತ್ತಿದ್ದ. ಉಪ್ಪು, ಬೆಲ್ಲ ಬೇಕಾದರೆ ಹೆಂಡತಿಯನ್ನು ಕಳಿಸುತ್ತಿದ್ದ. ಆದರೆ ವರ್ಷಾ ವರ್ಷಾ ತೋಟದ ಮೊದಲ ಹಲಸಿನ ಹಣ್ಣು ಆ ಮನೆಗೇ ಹೋಗಬೇಕು. ಅದನ್ನೂ ತಾನು ಕೊಂಡೊಯ್ಯುತ್ತಿರಲಿಲ್ಲ, ಇವಳ ಕೈಯಲ್ಲೇ ಕಳಿಸುತ್ತಿದ್ದ. ಪಾಪ, ಜಮೀನಿಲ್ಲದವರು ಎಂಬ ಕನಿಕರ ಇರಬೇಕು ಎಂದುಕೊಂಡಿದ್ದಳು ಭೂತಮ್ಮ. ಈಗ ಅದೇ ಹಲಸಿನ ಹಣ್ಣು ಬೇರೆ ಥರ ಕಂಡಿತು. ಏನೂ ಮಾಡದವನು ಯಾಕೆ ಕೊಡಬೇಕು?

ಮದುವೆಗೆ ಮುಂಚಿನದೂ ನೆನಪಾಯಿತು. ಅವಳ ತವರು ಹೆಗ್ಗದ್ದೆ. ಅಲ್ಲೊಂದು ಎಸ್ಟೇಟಿನಲ್ಲಿ ಅವಳು ಹಣ್ಣು ಬಿಡಿಸುತ್ತಿದ್ದಳು, ಗುಂಡಯ್ಯ ಸ್ಟೋರಿನಲ್ಲಿ ಮೂಟೆ ಎತ್ತಿಡುತ್ತಿದ್ದ. ಹೊಲಿದ ಮೂಟೆಯ ಮೇಲಿನ ನಂಬರನ್ನು ಒಮ್ಮೆ ಓದಿ, ನಾಲ್ಕು ಹೆಜ್ಜೆ ಹೋಗಿ, ಮತ್ತೆ ತಿರುಗಿ ಬಂದು ಓದುತ್ತಿದ್ದ. ಕೂಲಿಯವರ ಲೈನುಮನೆಗಳ ಹೆಂಗಸರೆಲ್ಲ ಅವನಿಗೆ 'ಎರಡ್ಸಲದ ಗುಂಡ' ಎಂದು ಹೆಸರಿಟ್ಟಿದ್ದರು. ಇಷ್ಟು ಜೋಪಾನದ ಗಂಡು ಬೇರೆಲ್ಲಿ ಸಿಗುತ್ತಾನೆ ಎಂದೇ ಭೂತಮ್ಮನ ಅಪ್ಪ ಹೆಣ್ಣು ಕೊಟ್ಟದ್ದು. ನಂಬರ್ ಎಂದರೆ ಇವನಿಗೆ ಯಾಕಷ್ಟು ಭಯ ಎಂದು ಆಗ ಯಾರೂ ಕೇಳಲಿಲ್ಲ.

ಮರುದಿನ ಅವನು ಮೆಣಸಿನ ಬಳ್ಳಿ ಕಡೆ ಹೋದಾಗ ಭೂತಮ್ಮ ಬಾಗಿಲಿಗೆ ಚಿಲಕ ಹಾಕಿ ಟ್ರಂಕು ತೆಗೆದಳು. ಮದುವೆಯ ಫೋಟೋ, ರೇಷನ್ ಕಾರ್ಡು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹಕ್ಕುಪತ್ರ. ಒಂದೇ ಹಕ್ಕುಪತ್ರ. ಕೆಂಪು ಮುದ್ರೆ, ನಂಬರ್ ಹನ್ನೆರಡು. ಅಷ್ಟಕ್ಕೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಕದ್ದವನು ಕದ್ದದ್ದನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಾನೆಯೇ ಎಂದಿತು ಮನಸ್ಸು. ಹಾಗೆ ಅನ್ನಿಸಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ನಾಚಿಕೆಯಾದರೂ ಟ್ರಂಕಿನ ಅಡಿಗೆ ಹಾಸಿದ್ದ ಹಳೆಯ ಪೇಪರನ್ನು ಎತ್ತಿ ನೋಡದೆ ಬಿಡಲಿಲ್ಲ.

ಗುರುವಾರ ಯೋಗೇಶ್ ಅಂಗಳಕ್ಕೆ ಬಂದ, ಹಿಂದೆ ನಾಲ್ಕು ಜನ. ಕೈಯಲ್ಲಿ ಕಾಗದ.

"ದೊಡ್ಡವ್ವ, ದೊಡ್ಡಪ್ಪ ಎಲ್ಲಿ?"

"ಬಳ್ಳಿ ಹತ್ರ ಹೋಗವ್ರೆ. ಏನಾಗ್ಬೇಕಿತ್ತು?"

"ಏನಿಲ್ಲ, ಅವ್ರಿಗೆ ಹಳೇ ಊರ್ನಾಗೆ ಒಟ್ಟು ಎಷ್ಟು ಮನೆ ಇತ್ತು ಅಂತ ಕೇಳವಾ ಅಂತ. ಎಣ್ಸಿ ಎಣ್ಸಿ ನಮ್ಗೆ ಸಾಕಾಯ್ತು."

"ಫೋಟೋದಾಗೆ ಮುಂದೆ ನಿಂತೋರ್ದೆಲ್ಲ ಮನೆ ಆಗೋದಾದ್ರೆ, ಹೋದ್ವರ್ಷ ನೀನು ವಿಧಾನಸೌಧದ ಮುಂದೆ ನಿಂತು ತೆಗೆಸ್ಕಂಡಿದ್ಯಲ್ಲ ಮಾರಾಯ, ಅದ್ರ ಬಾಡಿಗೆ ಯಾರು ತಕತಾವ್ರೆ?"

ಹಿಂದಿದ್ದವರಲ್ಲಿ ಇಬ್ಬರು ನಕ್ಕರು. ಯೋಗೇಶ್ ನಗಲಿಲ್ಲ.

"ಬಾಯಿಗೇನು ಕಮ್ಮಿ ಇಲ್ಲ ಬುಡಿ. ಮೂವತ್ತೊಂದು ಜನ ಸಹಿ ಹಾಕವ್ರೆ. ಮೊದ್ಲನೇ ಸಹಿ ಚನ್ನಬಸವಯ್ಯೋರ್ದೇ. ಸೋಮವಾರ ತಾಲ್ಲೂಕ್ ಆಫೀಸಿಗೆ ಕೊಡ್ತೀವಿ. ಹಕ್ಕುಪತ್ರ ರದ್ದು ಮಾಡಿ ತನಿಖೆ ಮಾಡ್ಲಿ. ತಪ್ಪಿಲ್ಲ ಅಂದ್ರೆ ಹೆದರ್ಕೆ ಯಾಕೆ?"

"ಹೆದರ್ಕೆ ಯಾರಿಗೈತೆ?"

"ಮತ್ತೆ ಅವ್ರ್ಯಾಕೆ ಫೋಟೋ ನೋಡಕ್ಕೆ ಬರ್ಲಿಲ್ಲ?"

ಅವರು ಗೇಟು ದಾಟಿ ಹೋಗುವ ತನಕ ಭೂತಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಆಮೇಲೆ ಮೆಟ್ಟಿಲ ಮೇಲೆ ಕೂತಳು. ಹಕ್ಕುಪತ್ರ ಹೋದರೆ ಕಾಫಿ ಹೋಯಿತು, ಮನೆ ಹೋಯಿತು, ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗುವುದು? ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಯೋಗೇಶನಿಗೆ ಅಷ್ಟು ಜೋರಾಗಿ ಮಾತು ಕೊಟ್ಟಳಲ್ಲ, ಗಂಡ ಕಳ್ಳನಲ್ಲ ಎಂದು ಅವಳಿಗೇ ಗೊತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಭೂತಮ್ಮ ಸಮುದಾಯ ಭವನಕ್ಕೆ ಒಬ್ಬಳೇ ಹೋದಳು. ಬೀಗದ ಕೈ ತನುಜಾ ಮೇಡಂ ಬಳಿ ಇತ್ತು.

"ಯಾವ ಫೋಟೋ ನೋಡ್ಬೇಕಿತ್ತು ಅಜ್ಜಿ?"

"ಎಲ್ಲಾನೂವೆ ಕಣವ್ವ. ಇಳ್ಸಿ ಮೇಜಿನ ಮೇಲೆ ಇಟ್ಕಂಡು ನೋಡ್ಬೋದಾ?"

ಭೂತಮ್ಮನಿಗೆ ಅಕ್ಷರ ಬಾರದು. ಆದರೆ ಅಂಕಿ ಬರುತ್ತದೆ. ಎಸ್ಟೇಟಿನಲ್ಲಿ ಹಣ್ಣು ತೂಗುವಾಗ ರೈಟರ್ ಮೇಜಿನ ಆಚೆ ಕೂತು ಪುಸ್ತಕದಲ್ಲಿ ಬರೆಯುತ್ತಿದ್ದ. ಹೆಂಗಸರು ಈಚೆ ನಿಲ್ಲಬೇಕು. ತನ್ನ ಚೀಲದ ತೂಕವನ್ನು ಅವನು ಸರಿಯಾಗಿ ಬರೆದನೋ ಇಲ್ಲವೋ ಎಂದು ತಲೆಕೆಳಗಾದ ಅಂಕಿಗಳನ್ನೇ ನೋಡಿ ನೋಡಿ ಕಲಿತವಳು. ಮಸುಕಾದರೂ, ಓರೆಯಾದರೂ, ಬೇರೆಯವರ ಕೈ ಅಡ್ಡ ಬಂದರೂ ಅವಳ ಕಣ್ಣು ಅಂಕಿಯನ್ನು ಬಿಡುವುದಿಲ್ಲ.

ಶ್ರೀನಾಥ್ ಫೋಟೋಗಳನ್ನು ಚೆಂದ ನೋಡಿ ಕಟ್ಟಿದ್ದ. ದೊಡ್ಡ ಮನೆಗಳೆಲ್ಲ ಒಂದು ಕಡೆ, ಸಣ್ಣವೆಲ್ಲ ಒಂದು ಕಡೆ. ಭೂತಮ್ಮ ಅವನ್ನು ನಂಬರಿನ ಪ್ರಕಾರ ಜೋಡಿಸುತ್ತಾ ಹೋದಳು. ಒಂದು, ಎರಡು, ಮೂರು. ಹನ್ನೆರಡರಲ್ಲಿ ಕೈ ತಡೆಯಿತು. ಅದೊಂದರ ಮುಂದೆ ಗುಂಡಯ್ಯ ಇರಲಿಲ್ಲ, ಬೇರೆ ಯಾರೋ ಒಬ್ಬ ಮುದುಕ ಸ್ಲೇಟು ಹಿಡಿದಿದ್ದ. ಎಲ್ಲರ ಮನೆಯ ಮುಂದೆ ನಿಂತವನು ತನ್ನ ಮನೆಯ ಮುಂದೆ ಯಾಕಿಲ್ಲ? ಗಂಟು ಇನ್ನೂ ಬಿಗಿಯಾಯಿತು. ಮುಂದಕ್ಕೆ ಹೋದಳು. ಮೂವತ್ತಾರು, ಮೂವತ್ತೇಳು. ಮೂವತ್ತೆಂಟು ಸಿಗಲಿಲ್ಲ. ಮೂವತ್ತೊಂಬತ್ತರಿಂದ ಅರವತ್ತೆರಡರವರೆಗೆ ಎಲ್ಲ ಇದ್ದವು. ಕೈಯಲ್ಲಿ ಉಳಿದದ್ದು ಒಂದೇ ಫೋಟೋ, ಬಿಸಿಲಿಗೆ ಸ್ಲೇಟು ಹೊಳೆದ ಚನ್ನಬಸವಯ್ಯನವರ ಮನೆ.

ಅದನ್ನು ಕಿಟಕಿಯ ಬಳಿ ಒಯ್ದು ಓರೆ ಮಾಡಿದಳು. ಇನ್ನೂ ಓರೆ ಮಾಡಿದಳು. ತಲೆಕೆಳಗೆ ಮಾಡಿ ನೋಡಿದಳು. ಬಿಳುಪಿನ ಒಳಗಿಂದ ಎರಡು ಅಂಕಿಗಳು ತೆಳ್ಳಗೆ ಮೇಲೆ ಬಂದವು. ಮೂವತ್ತೇಳು.

ಎರಡು ಮನೆ, ಒಂದೇ ನಂಬರ್.

ಆಮೇಲೆ ಅವಳು ಸ್ಲೇಟು ಬಿಟ್ಟು ಹಿಡಿದವನ ಮುಖ ನೋಡಿದಳು. ಬೇರೆಲ್ಲ ಫೋಟೋಗಳಲ್ಲಿ ಗುಂಡಯ್ಯನ ಕೆನ್ನೆ ಒಳಕ್ಕೆ ಹೋಗಿತ್ತು. ಇದೊಂದರಲ್ಲಿ ಬಲಗೆನ್ನೆ ಉಬ್ಬಿತ್ತು.

"ಏನಾದ್ರೂ ಸಿಕ್ತಾ ಅಜ್ಜಿ?" ಎಂದರು ತನುಜಾ ಮೇಡಂ.

"ಏನಿಲ್ಲ ಕಣವ್ವ," ಎಂದಳು ಭೂತಮ್ಮ. ಸುಳ್ಳು ಹೇಳಿದ್ದು ಬಾಯಿಂದ ಹೊರಗೆ ಬಂದ ಮೇಲೆಯೇ ಅವಳಿಗೆ ತಿಳಿದದ್ದು.

ಗುಂಡಯ್ಯ ಕಣದಲ್ಲಿ ಕಾಫಿ ಕೆದಕುತ್ತಿದ್ದ. ಭೂತಮ್ಮ ಕಣದ ಅಂಚಿನಲ್ಲಿ ನಿಂತಳು. ಈ ಸಲ ಸುತ್ತು ಹಾಕಲಿಲ್ಲ.

"ಅಂಗ್ಡಿಯೋರ ಮನೆ ಮುಂದೆ ಫೋಟೋ ತೆಗೆಯುವಾಗ ನಿಮ್ಮ ಬಾಯೊಳಗೆ ಏನಿತ್ತು?"

ಕೆದಕುವ ಹಲುಬೆ ನಿಂತಿತು. ಅವನು ತಿರುಗಲಿಲ್ಲ. "ಬೆಲ್ಲ ಕೊಬ್ರಿ," ಎಂದ.

ಆಮೇಲೆ ಹೇಳಿದ. ಐವತ್ತು ವರ್ಷ ಇಟ್ಟುಕೊಂಡದ್ದನ್ನು ಕಣದ ಮೇಲೆ ಕೂತು, ಬೆರಳಿನಲ್ಲಿ ಕಾಫಿ ಕಾಳು ಆರಿಸುತ್ತಾ ಹೇಳಿದ.

ಆಗ ಅವನಿಗೆ ಹತ್ತೊಂಬತ್ತು. ಹಾಸನದ ಫೋಟೋದವರು ಜೀಪಿನಲ್ಲಿ ಬಂದಿದ್ದರು. ಪ್ರತಿ ಮನೆಯ ಮುಂದೆಯೂ ಮನೆಯ ಯಜಮಾನ ನಂಬರ್ ಹಿಡಿದು ನಿಲ್ಲಬೇಕು ಎಂದರು. ಯಾರೂ ಒಪ್ಪಲಿಲ್ಲ. ಬಿಟ್ಟುಹೋಗುವ ಮನೆಯ ಹೊಸಿಲಿಗೆ ಯಜಮಾನ ಬೆನ್ನು ಹಾಕಿ ನಿಲ್ಲುವುದುಂಟೆ? ಸತ್ತರೂ ಇಲ್ಲ ಎಂದರು. ಅಂಕಿ ದುಂಡಗೆ ಬರೆಯುತ್ತಾನೆ ಎಂದು ಗುಂಡಯ್ಯನನ್ನು ಗೊತ್ತು ಮಾಡಿದರು. ಅವನ ಎತ್ತರ ಐದಡಿ ನಾಲ್ಕಂಗುಲ. ಅದನ್ನೇ ಅಳತೆ ಮಾಡಿಕೊಂಡು, ಈ ಮನೆ ಎರಡು ಗುಂಡಯ್ಯ, ಆ ಮನೆ ಎರಡೂವರೆ ಗುಂಡಯ್ಯ ಎಂದು ಎತ್ತರ ಬರೆದುಕೊಳ್ಳುತ್ತಿದ್ದರಂತೆ. ಅರವತ್ತೆರಡು ಮನೆ, ನಾಲ್ಕು ದಿನ. ತನ್ನ ಮನೆಯ ಹೊಸಿಲಿಗೆ ಅವನಿಗೂ ಬೆನ್ನು ಹಾಕಲಾಗಲಿಲ್ಲ. ಅಲ್ಲಿ ಬೇರೆಯವರು ನಿಂತರು.

ಮೂವತ್ತೇಳು, ಮೂವತ್ತೆಂಟು ಪಕ್ಕಪಕ್ಕದ ಮನೆಗಳು, ಅಣ್ಣತಮ್ಮಂದಿರದು. ಬಾಯಿಮಾತಿನಲ್ಲಿ ಪಾಲಾಗಿತ್ತು, ಕಾಗದ ಆಗಿರಲಿಲ್ಲ. ಅಣ್ಣನ ಮನೆ ಮುಗಿಸಿ ತಮ್ಮನ ಮನೆಗೆ ಬಂದಾಗ ಮಧ್ಯಾಹ್ನ ದಾಟಿತ್ತು. ತಮ್ಮನೆಂದರೆ ಚನ್ನಬಸವಯ್ಯನವರ ತಂದೆ. ಬೆಳಗ್ಗಿನಿಂದ ಏನೂ ತಿಂದಿಲ್ಲವಲ್ಲಪ್ಪ ಎಂದು ಅವರೇ ಜಗಲಿಗೆ ಕರೆದು ಕೈಗೆ ಬೆಲ್ಲ, ಕೊಬ್ಬರಿ ಕೊಟ್ಟರು. ಅವನು ಬಾಯಿಗೆ ಹಾಕಿಕೊಂಡ. ಅಷ್ಟರಲ್ಲಿ ಫೋಟೋದವರು ಬಿಸಿಲು ಹೋಗುತ್ತದೆ ಬೇಗ ನಿಲ್ಲು ಎಂದರು. ಸ್ಲೇಟು ಒರೆಸಿ ಹೊಸ ನಂಬರ್ ಬರೆಯುವುದನ್ನು ಮರೆತು ಹಾಗೇ ನಿಂತ.

"ಯಾವಾಗ ಗೊತ್ತಾಯ್ತು?"

"ಮೂರು ತಿಂಗ್ಳು ಬುಟ್ಟು ಪಟ್ಟಿ ಅಂಟ್ಸಿದ್ರು. ಮೂವತ್ತೆಂಟು ಖಾಲಿ. ಒಂದೇ ಮನೆನ ಎರಡು ಕಡೆಯಿಂದ ತೆಗೆದವ್ರೆ ಅಂತ ಅಂದ್ಕಂಡು ಎರಡೂ ಅಣ್ಣನ ಲೆಕ್ಕಕ್ಕೆ ಹಾಕ್ಬುಟ್ಟಿದ್ರು."

"ಹೇಳ್ಲಿಲ್ಲ ಯಾಕೆ?"

"ಪೊಲೀಸ್ನೋರು ಹಿಡ್ಕಂಡು ಹೋಗ್ತಾರೆ ಅಂತ. ಅವ್ರಾಗೇ ಸರಿ ಮಾಡ್ಕತಾರೆ ಅಂತ. ಆಮೇಲೆ ಒಂದ್ವರ್ಷ ಆಯ್ತು, ಹತ್ತು ವರ್ಷ ಆಯ್ತು. ಹೇಳವಾ ಅಂತ ಅಂಗ್ಡಿ ತನ್ಕ ಹೋಗ್ತಿದ್ದೆ ಕಣೇ. ಅವ್ರು ಬೆಲ್ಲ ತೂಗ್ತಾ ಇರೋರು. ವಾಪಸ್ ಬರ್ತಿದ್ದೆ."

ಗಂಡ ಕಳ್ಳನಲ್ಲ ಎಂದು ಭೂತಮ್ಮನಿಗೆ ಗೊತ್ತಾಯಿತು. ಎದೆ ಹಗುರಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ.

"ಕದ್ದಿದ್ರೇ ವಾಸಿ ಇತ್ತು," ಎಂದಳು. "ಕದ್ದಿದ್ನ ವಾಪಸ್ ಕೊಡ್ಬೋದಿತ್ತು. ಏಳಿ ಮೇಲೆ."

"ಈಗ್ಲಾ?"

"ಇನ್ನೈವತ್ತು ವರ್ಷ ಬುಟ್ಟು ಹೋಗವಾ ಅಂತಿದ್ರಾ?"

ಅಂಗಡಿಯಲ್ಲಿ ಯೋಗೇಶನೂ ಇದ್ದ, ಬೆಂಚಿನ ಮೇಲೆ ಅರ್ಜಿಯ ಕಾಗದ ಇಟ್ಟುಕೊಂಡು. ಪಂಕಜಾಕ್ಷಿ ಒಳಬಾಗಿಲಿನಲ್ಲಿ ಇದ್ದಳು. ಗುಂಡಯ್ಯ ಮೊದಲ ಬಾರಿಗೆ ಆ ಬೆಂಚಿನ ಮುಂದೆ ನಿಂತ. ಕೂರಲಿಲ್ಲ. ಹೆಂಡತಿಗೆ ಹೇಳಿದ್ದನ್ನೇ ಮತ್ತೆ ಹೇಳಿದ, ಬೆಲ್ಲ ಕೊಬ್ಬರಿಯನ್ನೂ ಬಿಡದೆ.

ಚನ್ನಬಸವಯ್ಯ ಪೂರ್ತಿ ಕೇಳಿದರು. ತಕ್ಕಡಿಯ ತಟ್ಟೆಯನ್ನು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ನಮ್ಮಪ್ಪ ಸಾಯೋ ತನ್ಕ ದೊಡ್ಡಪ್ಪನ ಮೇಲೆ ಅನುಮಾನ ಪಟ್ರು," ಎಂದರು. "ಪಾಲೇ ಆಗಿಲ್ಲ ಅಂತ ಆಫೀಸ್ನಾಗೆ ಅಣ್ಣನೇ ಹೇಳಿ ನನ್ ಮನೆ ನುಂಗ್ಬುಟ್ಟ ಅಂತ. ಅವ್ರು ಆಲೂರು ಕಡೆ ಹೋದ್ರು. ಆಮೇಲೆ ಇಬ್ರೂ ಮಾತಾಡ್ಲಿಲ್ಲ. ದೊಡ್ಡಪ್ಪ ತೀರ್ಕಂಡಾಗ ಮಣ್ಣಿಗೂ ಹೋಗ್ಲಿಲ್ಲ ನಮ್ಮಪ್ಪ. ನನ್ನೂ ಬಿಡ್ಲಿಲ್ಲ."

ಗುಂಡಯ್ಯ ತಲೆ ತಗ್ಗಿಸಿದ.

"ಗುಂಡಯ್ಯಣ್ಣ, ಒಂದು ಮಾತು, ಒಂದೇ ಮಾತು ಹೇಳಿದ್ರೆ ಸಾಕಿತ್ತಲ್ಲ."

"ಹೌದು ಅಯ್ನೋರೆ."

ಯೋಗೇಶ್ ಎದ್ದು ನಿಂತ. "ನಂಬ್ಬೇಡಿ ಕಣ್ರೀ. ಸೋಮವಾರ ಅರ್ಜಿ ಹೋಗ್ತದೆ ಅಂತ ಈಗ ಬಂದವ್ರೆ. ಐವತ್ತು ವರ್ಷ ಇಲ್ದಿರೋ ಸತ್ಯ ಇವತ್ತು ಎಲ್ಲಿಂದ ಹುಟ್ತು? ಇದ್ರಾಗೆ ಇನ್ನೇನೋ ಐತೆ."

"ಏನೈತೆ ಅಂತ ನೀನೇ ಹೋಗಿ ನೋಡಪ್ಪ," ಎಂದಳು ಭೂತಮ್ಮ. "ತನುಜಮ್ಮನ ಹತ್ರ ಬೀಗದ ಕೈ ಐತೆ. ಕಿಟಕಿ ಬೆಳಕಿಗೆ ಹಿಡ್ದು ಓರೆ ಮಾಡು. ಅಂಕಿ ಓದಕ್ಕೆ ಬರ್ತದಲ್ಲ ನಿಂಗೆ?"

ಅವನು ಹೋದ. ಅರ್ಧ ಗಂಟೆ ಬಿಟ್ಟು ಬಂದ. ಎರಡರಲ್ಲೂ ಮೂವತ್ತೇಳೇ ಇದೆ ಎಂದು ಒಪ್ಪಿಕೊಂಡ. ಆದರೂ ಗುಂಡಯ್ಯನನ್ನು ನೋಡುವ ಅವನ ಕಣ್ಣು ಬದಲಾಗಿರಲಿಲ್ಲ. ಇಲ್ಲಿಯವರೆಗೂ ಬದಲಾಗಿಲ್ಲ.

ಚನ್ನಬಸವಯ್ಯ ಬೆಂಚಿನ ಮೇಲಿನ ಅರ್ಜಿ ತೆಗೆದುಕೊಂಡು ತಮ್ಮ ಸಹಿಯ ಮೇಲೆ ಗೆರೆ ಎಳೆದರು.

"ಇದು ಸುಳ್ಳು ಅರ್ಜಿ. ಇದಕ್ಕೆ ನನ್ನ ಸಹಿ ಬೇಡ. ಅವ್ರ ಹಕ್ಕುಪತ್ರ ಹೋದ್ರೆ ನನಗೆ ನಂದು ಬರ್ತದಾ? ನಿಜ ಏನಾಯ್ತೋ ಅದನ್ನ ಬರೀರಿ. ಅದಕ್ಕೆ ಹಾಕ್ತೀನಿ." ಆಮೇಲೆ ಗುಂಡಯ್ಯನ ಕಡೆ ತಿರುಗಿ, "ನಿಮ್ಮ ಬಾಯಿಂದ ಹೇಳಿದ್ದು ಸಾಲಲ್ಲ, ಕಾಗದದ ಮೇಲೆ ಬೇಕು. ಹೆಬ್ಬೆಟ್ಟಲ್ಲ, ಸಹಿ ಬೇಕು," ಎಂದರು. ಕೂರಿ ಎನ್ನಲಿಲ್ಲ.

ಶನಿವಾರ ಗುಂಡಯ್ಯ ಹೇಳುತ್ತಾ ಹೋದ, ಕಾಗದದ ಮೇಲೆ ಬರೆದುಕೊಂಡದ್ದು ನಾನು. ಅವನ ಕಣ್ಣಿಗೆ ಪೊರೆ ಬಂದಿರುವುದು ನಿಜ. ಮೂರು ಪುಟ ಆಯಿತು. ಮನೆ, ನಂಬರ್, ದಿನ, ಯಾರು ಎಲ್ಲಿ ನಿಂತಿದ್ದರು, ತಪ್ಪು ಯಾರದು ಎಂಬುದನ್ನೆಲ್ಲ ಹೇಳಿದ. 'ಮರೆತೆ' ಎಂದು ನಾನು ಬರೆದ ಕಡೆ ಹೊಡೆದು ಹಾಕಿಸಿ, 'ಮರೆತೆ, ಗೊತ್ತಾದ ಮೇಲೂ ಹೇಳಲಿಲ್ಲ' ಎಂದು ಬರೆಸಿದ. ಓದಿಸಿ ಕೇಳಿದ ಮೇಲೆ ಕೆಳಗೆ ತಡವರಿಸುತ್ತಾ ಸಹಿ ಹಾಕಿದ. ಭೂತಮ್ಮ ಸಾಕ್ಷಿಗೆ ಹೆಬ್ಬೆಟ್ಟು ಒತ್ತಿದಳು.

ಮೂವತ್ತೊಂದರಲ್ಲಿ ಒಂಬತ್ತು ಜನ ಸಹಿ ವಾಪಸ್ ತೆಗೆದುಕೊಂಡಿದ್ದಾರೆ. ಉಳಿದವರು, ಈ ಮುದುಕ ಇನ್ನೂ ಏನೋ ಮುಚ್ಚಿಡುತ್ತಿದ್ದಾನೆ ಎನ್ನುತ್ತಾರೆ. ಹಳೆಯ ಅರ್ಜಿಯನ್ನೂ ಕೊಟ್ಟೇ ತೀರುತ್ತೇನೆ ಎಂದಿದ್ದಾನೆ ಯೋಗೇಶ್. ಇಷ್ಟು ವರ್ಷದ ಮೇಲೆ ಚನ್ನಬಸವಯ್ಯನವರಿಗೆ ಏನಾದರೂ ಸಿಗುತ್ತದೆಯೇ, ಅಜ್ಜನ ಹಕ್ಕುಪತ್ರ ಉಳಿಯುತ್ತದೆಯೇ ಎಂದು ತನುಜಾ ಮೇಡಂ ಅವರಿಗೂ ಗೊತ್ತಿಲ್ಲ. ಪಂಕಜಾಕ್ಷಮ್ಮ ನಮ್ಮ ಅಜ್ಜಿಯನ್ನು ಕಂಡರೆ ಇನ್ನೂ ಒಳಗೆ ಹೋಗುತ್ತಾರೆ. ಆಲೂರಿನಲ್ಲಿರುವ ದೊಡ್ಡಪ್ಪನ ಮಕ್ಕಳ ಫೋನ್ ನಂಬರನ್ನು ಚನ್ನಬಸವಯ್ಯನವರು ಯಾರಿಂದಲೋ ಕೇಳಿ ಬರೆದುಕೊಂಡಿದ್ದಾರಂತೆ. ಫೋನ್ ಮಾಡಿದರೋ ಇಲ್ಲವೋ ತಿಳಿಯದು.

ನಾಳೆ ಸೋಮವಾರ. ಬೆಳಿಗ್ಗೆ ಎಂಟು ಗಂಟೆಯ ಬಸ್ಸಿಗೆ ಅಜ್ಜನನ್ನು ಕರೆದುಕೊಂಡು ಸಕಲೇಶಪುರಕ್ಕೆ ಹೋಗಿ, ಮೂವತ್ತೇಳರ ಎರಡೂ ಫೋಟೋಗಳ ಪ್ರತಿ ತೆಗೆಸಿ, ಮೂರು ಪುಟದ ಹೇಳಿಕೆಯ ಜೊತೆಗೆ ತಾಲ್ಲೂಕ್ ಆಫೀಸಿನಲ್ಲಿ ಕೊಟ್ಟು, ಕೊಟ್ಟಿದ್ದಕ್ಕೆ ಸೀಲು ಹಾಕಿಸಿಕೊಂಡು ಬರುತ್ತೇನೆ.